ಬೂದಿ, ಹುಲ್ಲು ಮತ್ತು ಒಂದು ರಸ್ತೆ: ಸೆರೆಂಗೆಟಿಯ ಲೆಕ್ಕ

‘ಲಯನ್ ಕಿಂಗ್’ ನೋಡಿದವರಿಗೆ ಕಣಿವೆಯೊಳಗೆ ದೂಳೆಬ್ಬಿಸಿಕೊಂಡು ನುಗ್ಗಿ ಬರೋ ಆ ಹಿಂಡು ನೆನಪಿರಲೇಬೇಕು. ಮುಫಾಸ ಸಾಯೋದು ಆ ಕಾಲ್ತುಳಿತದಲ್ಲೇ. ಆ ಪ್ರಾಣಿ ವೈಲ್ಡ್‌ಬೀಸ್ಟ್. ನೋಡೋಕೆ ಅಂಥ ಚಂದ ಏನಲ್ಲ: ದನದ ಕೊಂಬು, ಮೇಕೆಯ ಗಡ್ಡ, ಕುದುರೆಯ ಬಾಲ. ಆದರೆ ಟಾಂಜಾನಿಯಾದ ಸೆರೆಂಗೆಟಿಯಲ್ಲಿ ಇವು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಪ್ರತಿ ವರ್ಷ ನೂರಾರು ಕಿಲೋಮೀಟರ್ ನಡೆದು, ಸುತ್ತು ಹಾಕಿ, ಮತ್ತೆ ಹೊರಟ ಜಾಗಕ್ಕೇ ಬರುತ್ತವೆ. ಯಾಕೆ? ಇದಕ್ಕೆ ಉತ್ತರ ಹುಡುಕಿದರೆ ಆ ದೇಶದ ನೆಲ, ಪ್ರಾಣಿ, ಜನ ಮೂರೂ ಒಂದೇ ಸರ್ಕ್ಯೂಟ್‌ನಲ್ಲಿ ಸಿಗುತ್ತವೆ.

ನೆಲದಿಂದ ಶುರು ಮಾಡೋಣ

ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 14,763 ಚದರ ಕಿಲೋಮೀಟರ್. ಅದರ ಆಗ್ನೇಯಕ್ಕೆ ಗೊರೊಂಗೊರೊ ಎತ್ತರದ ಪ್ರದೇಶವಿದೆ. ಇಪ್ಪತ್ತು ಲಕ್ಷ ವರ್ಷಗಳಿಗೂ ಹಿಂದೆ ಅಲ್ಲಿನ ಒಂದು ದೊಡ್ಡ ಜ್ವಾಲಾಮುಖಿ ತನ್ನೊಳಗೇ ಕುಸಿದು, ಸುಮಾರು 600 ಮೀಟರ್ ಆಳದ, 19 ಕಿಲೋಮೀಟರ್ ಅಗಲದ ಬಟ್ಟಲಾಯಿತು. ಅದೇ ಗೊರೊಂಗೊರೊ ಕುಳಿ. ಪಕ್ಕದ ಓಲ್ ಡೊಯಿನ್ಯೊ ಲೆಂಗಾಯಿ ಇಂದಿಗೂ ಜೀವಂತ ಜ್ವಾಲಾಮುಖಿ. ಮಸಾಯಿ ಭಾಷೆಯಲ್ಲಿ ಆ ಹೆಸರಿನ ಅರ್ಥ ‘ದೇವರ ಬೆಟ್ಟ’.

ಈ ಬೆಟ್ಟಗಳ ಬೂದಿ ಗಾಳಿಯಲ್ಲಿ ಬಂದು ಸೆರೆಂಗೆಟಿಯ ದಕ್ಷಿಣ ಬಯಲಿನ ಮೇಲೆ ಬಿತ್ತು. ಕಾಲಾಂತರದಲ್ಲಿ ಮಣ್ಣಿನ ಕೆಳಗೆ ಸುಣ್ಣದಂಥ ಗಟ್ಟಿ ಪದರ ಕಟ್ಟಿತು. ಮರದ ಬೇರು ಅದನ್ನು ದಾಟಲಾರದು, ಹುಲ್ಲಿನ ಬೇರಿಗೆ ಮೇಲಿನ ಮಣ್ಣೇ ಸಾಕು. ಹಾಗಾಗಿ ಅಲ್ಲಿ ಮರಗಳೇ ಕಡಿಮೆ, ಕಣ್ಣು ಹಾಯಿಸಿದಷ್ಟೂ ಗಿಡ್ಡ ಹುಲ್ಲು. ಆ ಹುಲ್ಲಿನಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಹೇರಳ. ಹಾಲೂಡಿಸುವ ತಾಯಿಗೆ ಬೇಕಾದ್ದು ಅದೇ ತಾನೆ? ಅದಕ್ಕೇ ಫೆಬ್ರವರಿಯ ಹೊತ್ತಿಗೆ ವೈಲ್ಡ್‌ಬೀಸ್ಟ್‌ಗಳು ಇಲ್ಲಿ ಕೆಲವೇ ವಾರಗಳೊಳಗೆ ಒಟ್ಟೊಟ್ಟಿಗೆ ಮರಿ ಹಾಕುತ್ತವೆ. ಒಂದೇ ಸಲ ಅಷ್ಟು ಮರಿ ಹುಟ್ಟಿದರೆ ಸಿಂಹ, ಕತ್ತೆಕಿರುಬಗಳು ಎಷ್ಟು ಅಂತ ತಿಂದಾವು?

ಹಾಗಾದರೆ ಅಲ್ಲೇ ಇರಬಹುದಲ್ಲ? ಆಗಲ್ಲ. ದಕ್ಷಿಣದಲ್ಲಿ ಮಳೆ ಕಡಿಮೆ, ಉತ್ತರದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಮಳೆಗಾಲ ಮುಗಿದ ಕೂಡಲೇ ದಕ್ಷಿಣದ ಬಯಲು ಒಣಗುತ್ತದೆ. ಹಿಂಡು ಪಶ್ಚಿಮಕ್ಕೆ, ಆಮೇಲೆ ಉತ್ತರದ ಮಾರಾ ನದಿ ದಾಟಿ ಕೀನ್ಯಾದವರೆಗೂ ಹೋಗುತ್ತದೆ. ನವೆಂಬರ್ ಸುಮಾರಿಗೆ ದಕ್ಷಿಣದಲ್ಲಿ ಮಳೆ ಬಿದ್ದರೆ ವಾಪಸ್. ಜೊತೆಗೆ ಜೀಬ್ರಾಗಳೂ ಇರುತ್ತವೆ. ಅವು ಉದ್ದ ಕಡ್ಡಿಯನ್ನು ಮೇಯುತ್ತವೆ, ವೈಲ್ಡ್‌ಬೀಸ್ಟ್ ಕೆಳಗಿನ ಎಲೆಯನ್ನು, ಹಿಂದೆ ಬರುವ ಗಸೆಲ್‌ಗಳು ಹೊಸ ಚಿಗುರನ್ನು. ಮಾರಾ ದಾಟುವಾಗ ವರ್ಷಕ್ಕೆ ಸರಾಸರಿ 6,000ಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್ ಮುಳುಗಿ ಸಾಯುತ್ತವೆ. ಅವೂ ವ್ಯರ್ಥ ಅಲ್ಲ. ಮೀನು, ಮೊಸಳೆ, ರಣಹದ್ದು ಎಲ್ಲಕ್ಕೂ ಅದೇ ಊಟ.

ದನಕ್ಕೆ ಲಸಿಕೆ, ಕಾಡಿಗೆ ಜೀವ

ನಮ್ಮ ಹಳ್ಳಿಗಳಲ್ಲಿ ‘ದೊಡ್ಡರೋಗ’ ಅನ್ನುತ್ತಿದ್ದ ರಿಂಡರ್‌ಪೆಸ್ಟ್ 1890ರ ದಶಕದಲ್ಲಿ ಪೂರ್ವ ಆಫ್ರಿಕಾವನ್ನು ಹೊಕ್ಕಿತು. ಅದು ಆ ಭಾಗಕ್ಕೆ ಬಂದದ್ದು ಭಾರತದಿಂದ ಸಾಗಿಸಿದ ದನಗಳ ಜೊತೆ ಅನ್ನೋದು ಪ್ರಚಲಿತ ಅಭಿಪ್ರಾಯ. ದನಗಳನ್ನೇ ನಂಬಿದ್ದ ಮಸಾಯಿ ಜನರ ಹಟ್ಟಿಗಳು ಖಾಲಿಯಾದವು, ಬರಗಾಲ ಬಂತು. ವೈಲ್ಡ್‌ಬೀಸ್ಟ್‌ಗಳೂ ಸತ್ತವು. 1960ರ ಆಸುಪಾಸಿನಲ್ಲಿ ಅವುಗಳ ಸಂಖ್ಯೆ ಸುಮಾರು ಎರಡೂವರೆ ಲಕ್ಷ. ಆಮೇಲೆ ದನಗಳಿಗೆ ಲಸಿಕೆ ಹಾಕಿದರು, ಕಾಡುಪ್ರಾಣಿಗಳಿಗಲ್ಲ. ಆದರೂ ಕಾಡಿನಲ್ಲಿ ರೋಗ ನಿಂತಿತು, 1970ರ ದಶಕದ ಕೊನೆಗೆ ಸಂಖ್ಯೆ 13 ಲಕ್ಷ ಮುಟ್ಟಿತು. ಹುಲ್ಲು ಮೇಯುವ ಬಾಯಿ ಹೆಚ್ಚಿದ್ದರಿಂದ ಒಣಹುಲ್ಲು ಕಮ್ಮಿಯಾಯ್ತು, ಕಾಡ್ಗಿಚ್ಚು ಇಳಿಯಿತು, ಮರಗಳು ಮತ್ತೆ ಬೆಳೆದವು. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ನಾವು ಓದುವ ಫೀಡ್‌ಬ್ಯಾಕ್ ಲೂಪ್‌ಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಆ ನೆಲದ ಜನ

ಸೆರೆಂಗೆಟಿ ಅನ್ನೋ ಹೆಸರೇ ಮಸಾಯಿ ಮಾತಿನಿಂದ ಬಂದದ್ದು. ಕೊನೆಯಿಲ್ಲದ ಬಯಲು ಅಂತ ಅರ್ಥ. ಹುಟ್ಟಿದ ವೈಲ್ಡ್‌ಬೀಸ್ಟ್ ಮರಿಗಳಿಂದ ದನಗಳಿಗೆ ಪ್ರಾಣಾಂತಿಕ ಜ್ವರ ಹರಡುತ್ತದೆ ಅಂತ ಮಸಾಯಿಗಳಿಗೆ ಗೊತ್ತು. ಹಾಗಾಗಿ ಮರಿ ಹಾಕುವ ಕಾಲದಲ್ಲಿ ತಮ್ಮ ದನಗಳನ್ನು ಆ ಬಯಲಿನಿಂದ ದೂರ ಹೊಡೆದುಕೊಂಡು ಹೋಗುತ್ತಾರೆ. ಪ್ರಾಣಿಗೆ ಜಾಗ ಬಿಟ್ಟು ಬದುಕುವ ಈ ವಿದ್ಯೆ ಯಾವ ಮ್ಯಾನುವಲ್‌ನಲ್ಲೂ ಬರೆದು ಬಂದದ್ದಲ್ಲ.

1959ರಲ್ಲಿ ಉದ್ಯಾನದ ಸಲುವಾಗಿ ಅವರನ್ನು ಸೆರೆಂಗೆಟಿಯಿಂದ ಹೊರಗೆ ಕಳಿಸಲಾಯಿತು. ಗೊರೊಂಗೊರೊದಲ್ಲಿ ದನ ಮೇಯಿಸಿಕೊಂಡು ಇರಬಹುದು ಅಂತ ಆಗ ಒಪ್ಪಂದ. ಈಗ ಅಲ್ಲಿನ ಜನಸಂಖ್ಯೆ ಲಕ್ಷದ ಹತ್ತಿರ. ಜನ, ದನ ಹೆಚ್ಚಾಗಿ ಕಾಡಿಗೆ ಭಾರವಾಗಿದೆ ಅಂತ ಹೇಳಿ 2022ರಿಂದ ಸರ್ಕಾರ ಅವರನ್ನು ದೂರದ ಮ್ಸೊಮೆರಾಗೆ ಸ್ಥಳಾಂತರಿಸುತ್ತಿದೆ. ಹೋಗುವವರು ಸ್ವಇಚ್ಛೆಯಿಂದ ಹೋಗುತ್ತಿದ್ದಾರೆ ಅನ್ನುತ್ತದೆ ಸರ್ಕಾರ. ಸೌಲಭ್ಯ ಕಿತ್ತುಕೊಂಡು ಒತ್ತಡ ಹಾಕುತ್ತಿದ್ದಾರೆ ಅನ್ನುತ್ತಾರೆ ಮಸಾಯಿಗಳು.

ನಮ್ಮ ಮುಂದಿರುವ ಪ್ರಶ್ನೆ

ಇನ್ನೊಂದು ವಿಷಯ ನೇರವಾಗಿ ನಮ್ಮ ವೃತ್ತಿಗೇ ಸೇರಿದ್ದು. 2010ರಲ್ಲಿ ಟಾಂಜಾನಿಯಾ ಸರ್ಕಾರ ಉತ್ತರ ಸೆರೆಂಗೆಟಿಯನ್ನು ಸೀಳಿಕೊಂಡು ಹೋಗುವ ಹೆದ್ದಾರಿಯ ಯೋಜನೆ ಮುಂದಿಟ್ಟಿತು. ವಿಕ್ಟೋರಿಯಾ ಸರೋವರದ ಕಡೆಯ ಜನರಿಗೆ ರಸ್ತೆ ಬೇಕಿತ್ತು, ಆ ಬೇಡಿಕೆ ಸುಳ್ಳಲ್ಲ. ಆದರೆ ಹಿಂಡುಗಳು ದಾಟುವ ದಾರಿಯೂ ಅದೇ. ಡಾಂಬರು, ಲಾರಿ, ಅಪಘಾತ, ಆಮೇಲೆ ಬೇಲಿ. ಬೇಲಿ ಬಿದ್ದರೆ ಬರಗಾಲದಲ್ಲಿ ನೀರಿನ ಕಡೆ ಹೋಗುವ ದಾರಿಯೇ ಬಂದ್. ಪ್ರಕರಣ ಪೂರ್ವ ಆಫ್ರಿಕಾ ನ್ಯಾಯಾಲಯಕ್ಕೆ ಹೋಯಿತು. ಉದ್ಯಾನದೊಳಗೆ ಡಾಂಬರು ಹೆದ್ದಾರಿ ಮಾಡುವುದು ಕಾನೂನಿಗೆ ವಿರುದ್ಧ ಅಂತ 2014ರಲ್ಲಿ ತೀರ್ಪು ಬಂತು. ಉದ್ಯಾನವನ್ನು ಬಳಸಿಕೊಂಡು ದಕ್ಷಿಣದಿಂದ ಹೋಗುವ ದಾರಿಯನ್ನು ಅನೇಕರು ಮೊದಲಿಂದಲೂ ಸೂಚಿಸುತ್ತಿದ್ದರು. ಅದು ಉದ್ದ ಹೆಚ್ಚು, ಆದರೆ ಹೆಚ್ಚು ಊರುಗಳನ್ನು ಮುಟ್ಟುತ್ತದೆ.

ಸರ್ವೇ ಡ್ರಾಯಿಂಗ್‌ನಲ್ಲಿ ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆಯೋದು ಸುಲಭ. ಆ ಗೆರೆಯ ಮೇಲೆ ಯಾರ ದಾರಿ ಹಾದುಹೋಗುತ್ತದೆ ಅಂತ ಮೊದಲು ಕೇಳೋದೂ ಎಂಜಿನಿಯರನ ಕೆಲಸವೇ ಅಂತ ನಮಗೆ ಅನ್ನಿಸುತ್ತದೆ. ನೀವು ಮುಂದೆ ಯಾವಾಗಲಾದರೂ ಅಲ್ಲಿಗೆ ಹೋದರೆ, ಮರಿಗಳನ್ನು ನೋಡೋಕೆ ಫೆಬ್ರವರಿಯಲ್ಲಿ ದಕ್ಷಿಣಕ್ಕೆ, ನದಿ ದಾಟೋದನ್ನು ನೋಡೋಕೆ ಆಗಸ್ಟ್ ಸುಮಾರಿಗೆ ಉತ್ತರಕ್ಕೆ ಹೋಗಿ. ಹಸಿವಾದರೆ ‘ಚಾಯ್’, ‘ಚಪಾತಿ’ ಅಂದರೆ ಸಾಕು, ಸ್ವಾಹಿಲಿಯಲ್ಲೂ ಅವು ಅವೇ. ಸಿಂಹದ ಫೋಟೋ ಹೇಗೂ ತೆಗೀತೀರಿ. ಕಾಲ ಕೆಳಗಿನ ಹುಲ್ಲನ್ನೂ ಒಮ್ಮೆ ನೋಡಿ.