ಕಾರಣದ ಕಾಲಂ

1892ರಲ್ಲಿ ಬ್ರಿಟಿಷ್ ಇಂಡಿಯಾದ ಹುಚ್ಚಾಸ್ಪತ್ರೆಗಳಿಗೆ ಸೇರಿದವರು 1,344 ಮಂದಿ. ಅವರಲ್ಲಿ 222 ಮಂದಿಯ ತಲೆ ಕೆಟ್ಟದ್ದು ಗಾಂಜಾ, ಭಂಗಿಗಳಿಂದ ಎಂದು ದಾಖಲೆ ಹೇಳುತ್ತಿತ್ತು. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗಿನ ತಾಲೂಕು. ಅಲ್ಲಿಯವರಿಗೆ ಹತ್ತಿರದ ಹುಚ್ಚಾಸ್ಪತ್ರೆ ಕಲ್ಲಿಕೋಟೆಯದು.

ಗಾಂಜಾದ ಕೇಡಿನ ಸುದ್ದಿ ಲಂಡನ್ ಪಾರ್ಲಿಮೆಂಟಿನವರೆಗೂ ಮುಟ್ಟಿತ್ತು. ಅಲ್ಲಿ ಪ್ರಶ್ನೆ ಎದ್ದು, 1893ರಲ್ಲಿ ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯ ಆಯೋಗ ಬಂತು. 70 ಪ್ರಶ್ನೆ, 1,193 ಸಾಕ್ಷಿಗಳು, ಏಳು ಸಂಪುಟಗಳ ವರದಿ. ನಿಜವಾದ ಪತ್ತೇದಾರಿ ನಡೆದದ್ದು ಮಾತ್ರ ಒಂದು ಫಾರಮಿನ ಮೇಲೆ. ರೋಗಿಯ ಜತೆ ಬರುವ ಆ ಕಾಗದದಲ್ಲಿ ‘ಕಾರಣ’ ಎಂಬ ಕಾಲಂ ಇತ್ತು. ಅದನ್ನು ಖಾಲಿ ಬಿಟ್ಟರೆ ಮೇಲಿನವರಿಗೆ ಸಮಾಧಾನವಿಲ್ಲ. ಪೊಲೀಸರು ಊರಲ್ಲಿ ವಿಚಾರಿಸುತ್ತಿದ್ದರು. ಸೇದುತ್ತಿದ್ದನಂತೆ ಎಂದು ಯಾರೋ ಅಂದರೆ ಮುಗಿಯಿತು, ಕಾರಣ ಗಾಂಜಾ. ಅದೇ ಆಸ್ಪತ್ರೆಯ ರಿಜಿಸ್ಟರಿಗೆ ಇಳಿದು, ವರ್ಷಾಂತ್ಯಕ್ಕೆ ಅಂಕಿ-ಅಂಶವಾಗುತ್ತಿತ್ತು. ಸರಕಾರಿ ಕಾಗದ ಒಮ್ಮೆ ತುಂಬಿದ ಮೇಲೆ ಅದನ್ನು ಪ್ರಶ್ನಿಸುವವರು ಯಾರು?

ಆಯೋಗ ಪ್ರಶ್ನಿಸಿತು. ಒಂದೊಂದು ಪ್ರಕರಣವನ್ನೂ ಕೆದಕಿ ನೋಡಿದಾಗ 222ರಲ್ಲಿ ಉಳಿದದ್ದು 98. ಅದರಲ್ಲೂ 37 ಮಂದಿಗೆ ಬೇರೆ ಕಾರಣಗಳೂ ಸೇರಿಕೊಂಡಿದ್ದವು. ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಹಾನಿ ಎಂದು 1894ರ ವರದಿ ಹೇಳಿತು. ಆದರೆ ಅತಿ ಎಂದರೆ ಎಷ್ಟು? ಹುಚ್ಚು ಹಿಡಿಯದೆಯೇ ಕೆಲಸ, ಮನೆ, ದುಡ್ಡು ಕಳೆದುಕೊಳ್ಳುತ್ತಿರುವವನನ್ನು ಅಳೆಯಲು ಅವರ ಕೈಯಲ್ಲಿ ಯಾವ ಅಳತೆಗೋಲೂ ಇರಲಿಲ್ಲ.

ಅದು ಸಿಕ್ಕಿದ್ದು ನೂರು ವರ್ಷದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 1997ರಲ್ಲಿ ಸೇರಿಸಿದ ತಜ್ಞರು ‘ಅಸಿಸ್ಟ್’ ಎಂಬ ಪ್ರಶ್ನಾವಳಿ ಕಟ್ಟಿದರು. ಮೊದಲ ಪರೀಕ್ಷೆ ನಡೆದ ದೇಶಗಳಲ್ಲಿ ಭಾರತವೂ ಒಂದು. ಉದ್ದವಾಗಿದ್ದ ಪಟ್ಟಿ ಕೊನೆಗೆ ಎಂಟು ಪ್ರಶ್ನೆಗೆ ಇಳಿಯಿತು. ಇಲ್ಲಿ ಉತ್ತರಿಸುವವನು ಪೊಲೀಸನಲ್ಲ, ನೆರೆಯವನೂ ಅಲ್ಲ, ಸೇದುವವನೇ.

ಅಂಕ ಹಂಚಿದ ಜಾಣ್ಮೆ ನೋಡಿ. ಕಳೆದ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ದಿನಾ ಸೇದಿದರೆ 6 ಅಂಕ. ಅದರಿಂದಾಗಿ ಮಾಡಬೇಕಾದ ಕೆಲಸ ದಿನಾ ತಪ್ಪುತ್ತಿದ್ದರೆ 8. ಇದೇ ಅವಧಿಯಲ್ಲಿ ಮನೆಯವರೋ ಗೆಳೆಯರೋ ಆತಂಕ ತೋಡಿಕೊಂಡಿದ್ದರೆ, ಅದಕ್ಕೂ 6! ಎಷ್ಟು ಸೇದಿದೆ ಅನ್ನುವುದಕ್ಕಿಂತ ಸೇದಿದ್ದರಿಂದ ಏನು ಕೆಟ್ಟಿತು ಅನ್ನುವುದಕ್ಕೇ ಇಲ್ಲಿ ತೂಕ. ಗ್ರಾಂ ಲೆಕ್ಕ ಕೇಳುವುದೇ ಇಲ್ಲ. ಕೇಳಿದರೂ ಸರಿಯಾಗಿ ಹೇಳುವವರು ಕಡಿಮೆ.

ಗಾಂಜಾದ ಅಂಕ ಒಟ್ಟು 3ರೊಳಗಿದ್ದರೆ ಅಪಾಯ ಕಡಿಮೆ. 4ರಿಂದ 26 ಬಂದರೆ ಅಲ್ಲಿಯೇ ಕೂರಿಸಿ ಒಂದಷ್ಟು ಹೊತ್ತು ಮಾತಾಡುವುದು. 27 ಅಥವಾ ಅದಕ್ಕಿಂತ ಹೆಚ್ಚಾದರೆ ಚಿಕಿತ್ಸೆಗೆ ಕಳಿಸಬೇಕು. ಕಾಸರಗೋಡು ಜಿಲ್ಲೆಯವರಿಗೆ ಕೇರಳ ಅಬಕಾರಿ ಇಲಾಖೆಯ ‘ವಿಮುಕ್ತಿ’ ಕೇಂದ್ರ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ.