ಟ್ರ್ಯಾಕ್ಟರ್ ಟ್ರೇಲರಿನ ತುಕ್ಕಿಗೆ ದಪ್ಪ ಲೇಪನ

ತಿಕೋಟಾ, ಬಬಲೇಶ್ವರ ಭಾಗದಲ್ಲಿ ಕಬ್ಬು, ದ್ರಾಕ್ಷಿ, ಗೊಬ್ಬರಗಳ ಸಾಗಾಣಿಕೆಗೆ ಟ್ರೇಲರ್ ಅತ್ಯವಶ್ಯಕ. ತಳದಲ್ಲಿ ಚೆಲ್ಲಿದ ಯೂರಿಯಾ, ಪೊಟ್ಯಾಷ್ ಗಾಳಿಯ ತೇವ ಹೀರಿ ತಗಡಿಗೆ ಅಂಟಿಕೊಳ್ಳುತ್ತವೆ. ಪೊಟ್ಯಾಷಿನಲ್ಲಿರುವ ಕ್ಲೋರೈಡ್ ತುಕ್ಕನ್ನು ಬೇಗ ಹಬ್ಬಿಸುತ್ತದೆ. ಸಾಮಾನ್ಯ ಎನಾಮಲ್ ಬಣ್ಣವು ಕಲ್ಲು, ಸಲಿಕೆಗಳ ಪೆಟ್ಟಿಗೆ ಕಿತ್ತುಹೋಗುತ್ತದೆ. ಪಿಕಪ್ ವಾಹನಗಳ ತಳಕ್ಕೆ ಬಳಿಯುವ ಪಾಲಿಯುರೆಥೇನ್ ಲೇಪನವು ದಪ್ಪವಾಗಿದ್ದು ಇಂತಹ ಪೆಟ್ಟನ್ನು ತಾಳುತ್ತದೆ.

ಆದರೆ ತುಕ್ಕಿನ ಮೇಲೆಯೇ ಬಳಿದರೆ ಹಣ ವ್ಯರ್ಥ. ತುಕ್ಕು ಲೇಪನದಡಿ ಅಡಗಿ, ತೂತು ಬೀಳುವವರೆಗೂ ಕಣ್ಣಿಗೆ ಕಾಣುವುದಿಲ್ಲ.

ಅನುಸರಿಸಬೇಕಾದ ಕ್ರಮ:

1. ಗೊಬ್ಬರದ ಅಂಶ ಹೋಗುವಂತೆ ನೀರಿನಿಂದ ತೊಳೆದು ಪೂರ್ತಿ ಒಣಗಿಸಬೇಕು.

2. ತಂತಿ ಬ್ರಷ್, ಉಜ್ಜುಕಾಗದಗಳಿಂದ ತುಕ್ಕು, ಸಡಿಲ ಬಣ್ಣ ತೆಗೆದು, ಎಣ್ಣೆ ಜಿಡ್ಡನ್ನು ಒರೆಸಬೇಕು.

3. ಎಪಾಕ್ಸಿ ಪ್ರೈಮರ್ ಬಳಿಯಬೇಕು. ಸಾಮಾನ್ಯ ರೆಡ್ ಆಕ್ಸೈಡ್ ಈ ಲೇಪನದಡಿ ಸುಕ್ಕುಗಟ್ಟಿ ಏಳಬಹುದು.

4. ಮಳೆಯಿಲ್ಲದ ದಿನ, ತಗಡು ಕಾಯುವ ಮುಂಚೆ, ಎರಡು ಸಲ ಲೇಪಿಸಬೇಕು. ನೀರು ಬಸಿಯುವ ತೂತುಗಳನ್ನು ಮುಚ್ಚಬಾರದು.

ಎಚ್ಚರಿಕೆ: ಇದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ದಮ್ಮು ತರಬಲ್ಲದು. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು. ರೈತರು ತಾವೇ ಸಿಂಪಡಿಸದೆ, ಬಯಲಿನಲ್ಲಿ ಕೈಗವಸು, ಸೂಕ್ತ ಮುಖವಾಡ ಧರಿಸಿ ರೋಲರಿನಿಂದ ಬಳಿಯುವುದು ಒಳಿತು.

ಲೇಪನ ಕಿತ್ತ ಜಾಗವನ್ನು ಕೂಡಲೇ ಉಜ್ಜಿ ಮತ್ತೆ ಬಳಿದರೆ ತಗಡು ಬಹುಕಾಲ ಬಾಳುತ್ತದೆ.