ಪಿಯುಸಿ ಓದುತ್ತಲೇ ಸಿ.ಎ. ಮೊದಲ ಮೆಟ್ಟಿಲು: ಲಾಭವೆಷ್ಟು, ಭ್ರಮೆಯೆಷ್ಟು?

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದೊಡನೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳ ವ್ಯಾಪಾರಸ್ಥರ ಮನೆಗಳಲ್ಲಿ ಮಕ್ಕಳನ್ನು ಮುಂದೆ ಯಾವ ದಾರಿಗೆ ಹಚ್ಚಬೇಕೆಂಬ ಚರ್ಚೆ ಆರಂಭವಾಗುತ್ತದೆ. ವಾಣಿಜ್ಯ ವಿಭಾಗವನ್ನು ಆರಿಸಿಕೊಂಡವರ ಮುಂದೆ ಇನ್ನೊಂದು ಪ್ರಶ್ನೆಯೂ ಇದೆ. ಪಿಯುಸಿ ಓದುತ್ತಿರುವಾಗಲೇ ಸಿ.ಎ. ಫೌಂಡೇಶನ್ ಕೋರ್ಸಿಗೆ ಹೆಸರು ನೋಂದಾಯಿಸಬೇಕೇ? ಸದಸ್ಯ ಬಾಂಧವರು ಮೇಲಿಂದ ಮೇಲೆ ಕೇಳುವ ಈ ಪ್ರಶ್ನೆಯನ್ನು ಲೆಕ್ಕ ಹಾಕಿಯೇ ಪರಿಶೀಲಿಸುವುದು ಸೂಕ್ತ.

ನಿಯಮ ಏನು ಹೇಳುತ್ತದೆ?

1949ರ ಕಾಯಿದೆಯನ್ವಯ ಸ್ಥಾಪಿತವಾದ ಐ.ಸಿ.ಎ.ಐ. ಸಂಸ್ಥೆಯ ನಿಯಮಾವಳಿಗೆ 2020ರಲ್ಲಿ ತಿದ್ದುಪಡಿಯಾಗಿ, ಹತ್ತನೆಯ ತರಗತಿ ತೇರ್ಗಡೆಯಾದವರಿಗೆ ಫೌಂಡೇಶನ್ ಕೋರ್ಸಿಗೆ ತಾತ್ಕಾಲಿಕ ಪ್ರವೇಶ ಪಡೆಯುವ ಅವಕಾಶ ದೊರೆಯಿತು. ಇದು ತೀರ ಹೊಸದೇನಲ್ಲ. 2006ರಲ್ಲಿ ಆರಂಭವಾದ ಸಿ.ಪಿ.ಟಿ. ಪರೀಕ್ಷೆಯ ಕಾಲದಲ್ಲಿಯೂ ಇಂಥದೇ ಸೌಲಭ್ಯವಿತ್ತು. 2017ರಲ್ಲಿ ಸಿ.ಪಿ.ಟಿ. ಹೋಗಿ ಫೌಂಡೇಶನ್ ಬಂದಿತು. ಆದರೆ ಪ್ರವೇಶ ಕಾಯಂ ಆಗುವುದು ದ್ವಿತೀಯ ಪಿಯುಸಿ ತೇರ್ಗಡೆಯಾದ ಮೇಲೆಯೇ.

ಇದನ್ನು ಅಮೆರಿಕದ ಪದ್ಧತಿಯೊಡನೆ ಹೋಲಿಸಿ ಗೊಂದಲಕ್ಕೊಳಗಾಗಬಾರದು. ಅಲ್ಲಿಯ ಮಿನ್ನೆಸೋಟಾ ರಾಜ್ಯವು 1985ರಲ್ಲಿ ಕಾನೂನು ರೂಪಿಸಿ, ಪ್ರೌಢಶಾಲೆಯ ಕೊನೆಯ 2 ವರ್ಷಗಳ ವಿದ್ಯಾರ್ಥಿಗಳು ಕಾಲೇಜಿನ ಪಾಠಗಳನ್ನು ಸರ್ಕಾರದ ಖರ್ಚಿನಲ್ಲಿ ಓದಲು ಅನುವು ಮಾಡಿಕೊಟ್ಟಿತು. ಆ ಓದು ಶಾಲೆಯ ಲೆಕ್ಕಕ್ಕೂ ಕಾಲೇಜಿನ ಲೆಕ್ಕಕ್ಕೂ ಜಮೆಯಾಗುತ್ತದೆ. ನಮ್ಮ ಪಿಯು ಕಾಲೇಜುಗಳಲ್ಲಿ ಈ ಪದ್ಧತಿ ರೂಢಿಗೆ ಬಂದಿಲ್ಲ. ಫೌಂಡೇಶನ್ ನೋಂದಣಿಯಿಂದ ಪಿಯುಸಿ ಅಂಕಪಟ್ಟಿಗೆ ಒಂದು ಅಂಕವೂ ಸೇರುವುದಿಲ್ಲ. ಎರಡನ್ನೂ ತೂಗಿಸಲಾಗದಿದ್ದರೆ ಇದ್ದ ಅಂಕವೂ ಇಳಿಯಬಹುದು.

ಉಳಿಯುವ ಕಾಲವೆಷ್ಟು?

ಬೇಗ ನೋಂದಾಯಿಸಿದರೆ 2 ವರ್ಷ ಉಳಿಯುತ್ತದೆಂಬ ಮಾತು ಕೇಳಿಬರುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. 2024ರಿಂದ ಫೌಂಡೇಶನ್ ಪರೀಕ್ಷೆ ಜನವರಿ, ಮೇ–ಜೂನ್, ಸೆಪ್ಟೆಂಬರ್ ಹೀಗೆ ವರ್ಷಕ್ಕೆ 3 ಬಾರಿ ನಡೆಯುತ್ತಿದೆ. ಪರೀಕ್ಷೆಗೆ ಕನಿಷ್ಠ 4 ತಿಂಗಳು ಮುಂಚೆ ನೋಂದಣಿಯಾಗಿರಬೇಕು. ಎಷ್ಟೇ ಬೇಗ ಹೆಸರು ಹಚ್ಚಿದರೂ ಪಿಯುಸಿ ಹಂತ ಮುಗಿಸದೆ ಪರೀಕ್ಷೆಗೆ ಕೂಡ್ರುವಂತಿಲ್ಲ. ಮೊದಲೇ ನೋಂದಾಯಿಸಿದವನು ದ್ವಿತೀಯ ಪಿಯುಸಿ ಮುಗಿದೊಡನೆ ಮೇ–ಜೂನ್ ಸುತ್ತಿಗೆ ಕೂಡ್ರಬಲ್ಲ. ಪಿಯುಸಿ ಫಲಿತಾಂಶದ ನಂತರ ನೋಂದಾಯಿಸಿದವನು ಸೆಪ್ಟೆಂಬರ್ ಸುತ್ತಿಗೆ ಕಾಯಬೇಕಾಗುತ್ತದೆ. ಉಳಿತಾಯ ಕೆಲವೇ ತಿಂಗಳು.

ಹಾಗಾದರೆ ನಿಜವಾದ ಲಾಭ ಯಾವುದು? 4 ತಿಂಗಳಲ್ಲಿ ಉಸಿರು ಬಿಗಿಹಿಡಿದು ಓದಬೇಕಾದುದನ್ನು 2 ವರ್ಷಗಳಲ್ಲಿ ನಿಧಾನವಾಗಿ ಅರಗಿಸಿಕೊಳ್ಳುವ ಅನುಕೂಲ. ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಇದರ ಬೆಲೆ ದೊಡ್ಡದು. ಏಕೆಂದರೆ ಈ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿಯೇ ಬರೆಯಬೇಕು. ಕನ್ನಡದಲ್ಲಿ ಬರೆಯುವ ಅವಕಾಶವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಜಾಣ ವಿದ್ಯಾರ್ಥಿ ಎಡವುವುದು ಹೆಚ್ಚಾಗಿ ಲೆಕ್ಕದಲ್ಲಲ್ಲ, ಪ್ರಶ್ನೆಯ ಭಾಷೆಯಲ್ಲಿ.

ಪಾಠ ಎಲ್ಲಿ ಕೂಡುತ್ತದೆ, ಎಲ್ಲಿ ಬಿಡುತ್ತದೆ?

ಫೌಂಡೇಶನ್‌ನಲ್ಲಿ ತಲಾ 100 ಅಂಕಗಳ 4 ಪತ್ರಿಕೆಗಳಿವೆ: ಲೆಕ್ಕಶಾಸ್ತ್ರ, ವ್ಯಾಪಾರಿ ಕಾನೂನು, ಗಣಿತ–ತರ್ಕ–ಸಂಖ್ಯಾಶಾಸ್ತ್ರ ಮತ್ತು ವ್ಯಾವಹಾರಿಕ ಅರ್ಥಶಾಸ್ತ್ರ. ಪ್ರತಿ ಪತ್ರಿಕೆಯಲ್ಲಿ 40, ಒಟ್ಟಾರೆ ಶೇ. 50 ಅಂಕ ಬೇಕು. ಕೊನೆಯ ಎರಡು ಪತ್ರಿಕೆಗಳಲ್ಲಿ ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವಾಗುತ್ತದೆ.

ಬ್ಯಾಂಕ್ ಸಮನ್ವಯ ಪಟ್ಟಿ, ಸವಕಳಿ, ಪಾಲುದಾರಿಕೆ, ಷೇರು ಬಂಡವಾಳ ಮುಂತಾದ ಅಧ್ಯಾಯಗಳು ಪಿಯುಸಿಯಲ್ಲಿಯೂ ಇವೆ, ಫೌಂಡೇಶನ್‌ನಲ್ಲಿಯೂ ಇವೆ. ಕೂಡದಿರುವುದು ಗಣಿತ. ಮೂರನೆಯ ಪತ್ರಿಕೆಯಲ್ಲಿ ಗಣಿತಕ್ಕೆ 40, ಸಂಖ್ಯಾಶಾಸ್ತ್ರಕ್ಕೆ 40, ತರ್ಕಕ್ಕೆ 20 ಅಂಕ. ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರಗಳ ಸಂಯೋಜನೆಯನ್ನು ಆರಿಸಿಕೊಂಡವರು ಗಣಿತವನ್ನು ಎಸ್.ಎಸ್.ಎಲ್.ಸಿ.ಗೇ ಬಿಟ್ಟು ಬಂದಿರುತ್ತಾರೆ. ಸಿ.ಎ. ವಿಚಾರವಿದ್ದಲ್ಲಿ ಕಾಲೇಜು ಪ್ರವೇಶದ ದಿನವೇ ಸಂಖ್ಯಾಶಾಸ್ತ್ರ ಅಥವಾ ಬೇಸಿಕ್ ಮ್ಯಾಥ್ಸ್ ಇರುವ ಸಂಯೋಜನೆಯನ್ನು ವಿಚಾರಿಸುವುದು ಒಳಿತು. ಹತ್ತಿರದ ಕಾಲೇಜಿನಲ್ಲಿ ಅದು ಇರದಿದ್ದರೆ ಪ್ರಥಮ ವರ್ಷದಿಂದಲೇ ಗಣಿತವನ್ನು ಪ್ರತ್ಯೇಕವಾಗಿ ಓದಬೇಕು.

ಅಂಗಡಿಯೇ ಪಾಠಶಾಲೆ

ಪುಸ್ತಕದ ವಿಷಯ ನಮ್ಮ ಊರುಗಳ ವಹಿವಾಟಿನಲ್ಲಿಯೇ ಇದೆ. ಇಳಕಲ್ಲಿನ ಸೀರೆ ವ್ಯಾಪಾರಸ್ಥರು ನೂಲನ್ನು ನೇಕಾರರ ಮನೆಗೆ ಕೊಟ್ಟು ಕೂಲಿಗೆ ನೇಯಿಸುತ್ತಾರೆ. ಮಾರ್ಚ್ 31ಕ್ಕೆ ಮಗ್ಗದ ಮೇಲಿರುವ ಆ ನೂಲು ಯಾರ ದಾಸ್ತಾನು? ಅದರ ಬೆಲೆ ಕಟ್ಟುವುದು ಹೇಗೆ? ಗ್ರಾನೈಟ್ ಕೊಯ್ಯುವ ಯಂತ್ರಕ್ಕೆ ಸವಕಳಿ ಹಾಕುವುದು ಹೇಗೆ? ಬಾದಾಮಿಯ ವಸತಿಗೃಹಕ್ಕೆ ಪ್ರವಾಸಿ ಕಳಿಸಿದ ಮುಂಗಡ ಆದಾಯವೋ, ಹೊಣೆಯೋ? ಬಾಗಲಕೋಟೆಯಲ್ಲಿ ಅಣ್ಣತಮ್ಮಂದಿರು ಬರಹದ ಕರಾರಿಲ್ಲದೆ ಪಾಲುದಾರಿಕೆಯಲ್ಲಿ ಅಂಗಡಿ ನಡೆಸಿದರೆ, 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ ಲಾಭ ಸಮಪಾಲು, ಬಂಡವಾಳಕ್ಕೆ ಬಡ್ಡಿಯಿಲ್ಲ, ಬಂಡವಾಳದ ಹೊರತಾಗಿ ಪಾಲುದಾರ ಕೊಟ್ಟ ಸಾಲಕ್ಕೆ ಶೇ. 6 ಬಡ್ಡಿ. ಈ ಒಂದು ಪಾಠ ಪಿಯುಸಿಗೂ ಫೌಂಡೇಶನ್‌ಗೂ ಬರುತ್ತದೆ, ಮನೆಯ ಜಗಳವನ್ನೂ ತಪ್ಪಿಸುತ್ತದೆ. ವಾರಕ್ಕೆ ಒಂದು ತಾಸು ತಂದೆಯ ಖಾತೆ ಪುಸ್ತಕದ ಮುಂದೆ ಕುಳಿತ ವಿದ್ಯಾರ್ಥಿ ಉರು ಹೊಡೆಯಬೇಕಾಗಿಲ್ಲ.

ಪಾಲಕರ ಗಮನಕ್ಕೆ

ಪಿಯುಸಿಯೊಡನೆ ಸಿ.ಎ. ತರಬೇತಿಯನ್ನೂ ಸೇರಿಸಿ ದೊಡ್ಡ ಮೊತ್ತದ ಶುಲ್ಕ ಕೇಳುವವರಿದ್ದಾರೆ. ಹಣ ಕಟ್ಟುವ ಮುನ್ನ, ಐ.ಸಿ.ಎ.ಐ. ತನ್ನ ಅಧ್ಯಯನ ಸಾಮಗ್ರಿಯನ್ನು ಜಾಲತಾಣದಲ್ಲಿ ಉಚಿತವಾಗಿ ಒದಗಿಸುತ್ತಿದೆ, ಉಚಿತ ನೇರ ತರಗತಿಗಳನ್ನೂ ನಡೆಸುತ್ತಿದೆ ಎಂಬುದನ್ನು ತಿಳಿದಿರಬೇಕು. ನೋಂದಣಿಗೆ ಕಾಲಮಿತಿಯೂ ಇದೆ. ಅರ್ಜಿ ತುಂಬುವ ಮೊದಲು ಅದನ್ನು ಓದಿಕೊಳ್ಳುವುದು ಅಗತ್ಯ.

ಮುಂದಿನ ದಾರಿಯನ್ನೂ ಮಕ್ಕಳಿಗೆ ಮೊದಲೇ ತಿಳಿಸಬೇಕು. 2023ರ ಹೊಸ ಪದ್ಧತಿಯಲ್ಲಿ ಫೌಂಡೇಶನ್ ನಂತರ ಇಂಟರ್‌ಮೀಡಿಯೆಟ್, ಬಳಿಕ 2 ವರ್ಷಗಳ ಆರ್ಟಿಕಲ್‌ಶಿಪ್, ಅನಂತರ ಅಂತಿಮ ಪರೀಕ್ಷೆ. ಮೊದಲು ಆರ್ಟಿಕಲ್‌ಶಿಪ್ 3 ವರ್ಷಗಳದಾಗಿತ್ತು. ಪಿಯುಸಿಯಲ್ಲಿ ಮನಸ್ಸು ಒಪ್ಪದ ವಿದ್ಯಾರ್ಥಿಯನ್ನು ಒತ್ತಾಯಿಸುವ ಕಾರಣವೂ ಇಲ್ಲ. ಬಿ.ಕಾಂ. ಪದವಿಯಲ್ಲಿ ಶೇ. 55 ಅಂಕ ಪಡೆದವರು ಫೌಂಡೇಶನ್ ಬರೆಯದೆಯೇ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ತಡವಾಗಿ ಬಂದವರಿಗೂ ಬಾಗಿಲು ತೆರೆದೇ ಇದೆ.

ಆದ್ದರಿಂದ ಲೇಖಕನ ಅಭಿಪ್ರಾಯವಿಷ್ಟೆ: ಓದುವ ಆಸಕ್ತಿಯುಳ್ಳ ಮಗು ಪಿಯುಸಿ ಮೊದಲ ವರ್ಷದಿಂದಲೇ ದಿನಕ್ಕೆ ಅರ್ಧ ತಾಸು ಫೌಂಡೇಶನ್ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಲಿ, ಅರ್ಧ ತಾಸು ಗಣಿತ ಮಾಡಲಿ. ನೋಂದಣಿಯ ರಸೀದಿಗಿಂತ ಈ ಒಂದು ತಾಸು ಮುಖ್ಯ.

ಸದಸ್ಯರಲ್ಲಿ ಒಂದು ವಿನಂತಿಯೂ ಇದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಯಾದಂದಿನಿಂದ ಚಿಕ್ಕ ಅಂಗಡಿಗೂ ಲೆಕ್ಕ ಬಲ್ಲವರ ಅಗತ್ಯ ಹೆಚ್ಚಿದೆ. ತಮ್ಮ ಮಕ್ಕಳ ಜೊತೆಗೆ ನೇಕಾರರ, ಹಮಾಲರ, ಅಂಗಡಿ ಗುಮಾಸ್ತರ ಮಕ್ಕಳಿಗೂ ವಾರಕ್ಕೊಂದು ತಾಸು ಖಾತೆ ಪುಸ್ತಕ ತೋರಿಸಲು ಸದಸ್ಯರು ಮುಂದಾಗಬೇಕು. ಸಮೀಪದ ಪಿಯು ಕಾಲೇಜಿನ ಗ್ರಂಥಾಲಯಕ್ಕೆ ಫೌಂಡೇಶನ್ ಪುಸ್ತಕಗಳ ಒಂದು ಕಟ್ಟನ್ನು ಕೊಡಿಸಬೇಕು. ಖರ್ಚು ಅಲ್ಪ, ಪ್ರತಿಫಲ ನಮ್ಮ ಪೇಟೆಗೇ ಸಲ್ಲುತ್ತದೆ.